ಮೂಗು ಅವಳದು, ಹೆಸರು ನನ್ನದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಮೂಗು ಸರಿಯಿಲ್ಲ. ಹುಟ್ಟು ನೆಗಡಿ. ಚಿಕ್ಕಂದಿನಲ್ಲಿ ನಮ್ಮಮ್ಮ ನನ್ನನ್ನು ಕರೆಯುತ್ತಿದ್ದದ್ದೇ ಗೊಣ್ಣೆ ನಾಗ ಅಂತ. ಅಂಥವನು ಸಿಂಗಪುರದಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಫ್ರೆಂಚ್ ವೈನ್ ಮಾರಿದೆ, ಅದರ ಪರಿಮಳದ ಬಗ್ಗೆ ದೊಡ್ಡ ದೊಡ್ಡ ಹೋಟೆಲಿನವರಿಗೆ ಪಾಠ ಹೇಳಿದೆ. ಈಗ ನಮ್ಮವರ ಮಕ್ಕಳಲ್ಲೇ ಒಂದಿಬ್ಬರು ಈ ಲೈನಿಗೆ ಬಂದಿದ್ದಾರೆ. ಹೋದ ತಿಂಗಳು ಒಬ್ಬಳು ಮನೆಗೆ ಬಂದು, "ಅಂಕಲ್, ನಿಮ್ಮ ಎಕ್ಸ್‌ಪೀರಿಯೆನ್ಸ್ ಎಲ್ಲಾ ಬರೆದಿಡಿ, ನಮಗೆ ಯೂಸ್ ಆಗತ್ತೆ" ಅಂದಳು. ಯೂಸ್ ಆಗುತ್ತದೋ ಇಲ್ಲವೋ ನಾನರಿಯೆ. ನನಗೆ ಸಿಕ್ಕ ಬಡ್ತಿ, ಕಂಪನಿಯವರು ಕೊಟ್ಟ ಗಾಜಿನ ಫಲಕ, ಇವುಗಳ ಕಥೆ ಬೇಕಾದವರು ಬೇರೆ ಯಾರನ್ನಾದರೂ ಕೇಳಿಕೊಳ್ಳಲಿ. ನಾನು ಬರೆಯುತ್ತಿರುವುದು, ನನ್ನ ಒಂದು ಸುಳ್ಳಿನಿಂದ ಫ್ರಾನ್ಸಿನಲ್ಲಿ ಒಂದು ಹಳೆಯ ದ್ರಾಕ್ಷಿ ತೋಟ ಹೇಗೆ ಬೇರುಸಮೇತ ಹೋಯಿತು ಎಂಬುದನ್ನು.

ನಾನು ಸಿಂಗಪುರಕ್ಕೆ ಬಂದದ್ದು ತೊಂಬತ್ತರ ದಶಕದ ಶುರುವಿನಲ್ಲಿ, ಆಹಾರ ಪದಾರ್ಥ ಆಮದು ಮಾಡುವ ಒಂದು ಸಣ್ಣ ಕಂಪನಿಯ ಗೋಡೌನ್ ನೋಡಿಕೊಳ್ಳಲು. ಬಿಸ್ಕತ್ತು, ಆಲಿವ್ ಎಣ್ಣೆ, ಡಬ್ಬಿಯ ಟೊಮ್ಯಾಟೊ. ಮಾಲೀಕರು ಮಿಸ್ಟರ್ ಟಾನ್. ಕುಳ್ಳಗೆ, ಸದಾ ಅವಸರದಲ್ಲಿರುವ ಮನುಷ್ಯ. ಎರಡನೇ ವರ್ಷ ಅವರಿಗೆ ಫ್ರಾನ್ಸಿನ ಒಂದು ವೈನರಿಯ ಏಜೆನ್ಸಿ ಸಿಕ್ಕಿತು. ನನ್ನನ್ನು ಕರೆದು, "ನಾಗರಾಜ್, ನೀನು ಕುಡಿಯಲ್ಲ ಅಲ್ವಾ? ಹಾಗಾದ್ರೆ ಸ್ಟಾಕು ಕಡಿಮೆ ಆಗಲ್ಲ. ವೈನ್ ನೀನೇ ನೋಡ್ಕೋ ಲಾ" ಅಂದರು, ಇಲ್ಲಿಯವರು ಮಾತಿನ ಕೊನೆಗೆ ಹಚ್ಚುವ 'ಲಾ' ಬಿಡದೆ. ನನ್ನ ವೃತ್ತಿಜೀವನ ಶುರುವಾದದ್ದು ಇಷ್ಟು ಘನವಾಗಿ.

ವೈನರಿ ಲ್ವಾರ್ ಎಂಬ ನದಿಯ ದಂಡೆಯಲ್ಲಿತ್ತು. ಒಂದೇ ಕುಟುಂಬದ್ದು. ನಡೆಸುತ್ತಿದ್ದವರು ಮದಾಮ್ ಒಡೀಲ್ ಎಂಬ ಐವತ್ತು ದಾಟಿದ ಹೆಂಗಸು. ಅಲ್ಲಿ ಎರಡೇ ಜಾತಿಯ ದ್ರಾಕ್ಷಿ. ಕೆಂಪಿಗೆ ಕ್ಯಾಬರ್ನೆ ಫ್ರಾಂ, ಬಿಳಿಗೆ ಶೆನಿನ್ ಬ್ಲಾಂ. ಕೆಂಪು ವೈನು ಹಗುರ, ಕುಡಿದಮೇಲೆ ನಾಲಿಗೆಯಲ್ಲಿ ಸ್ವಲ್ಪ ಚೊಗರು ಉಳಿಯುತ್ತದೆ. ಶೆನಿನ್ ಮಾತ್ರ ವಿಚಿತ್ರ ದ್ರಾಕ್ಷಿ. ಎಷ್ಟೇ ಸಿಹಿಯಾಗಲಿ, ಅದರೊಳಗಿನ ಹುಳಿ ಸಾಯುವುದಿಲ್ಲ. ಮದಾಮ್ ಅದರಿಂದ ಅರೆಸಿಹಿಯ ಒಂದು ವೈನ್ ಮಾಡುತ್ತಿದ್ದರು. ಅವರ ತಂದೆ ನೆಟ್ಟ ಹಳೆಯ ಬಳ್ಳಿಗಳ ಒಂದು ಇಳಿಜಾರಿನ ತೋಟ, ಅದರ ಹಣ್ಣಿಂದ ಮಾತ್ರ.

ಬಾಟಲಿಗಳ ಜೊತೆ ಬಂದ ಹಾಳೆಯಲ್ಲಿ ಯಾವ ವೈನಿಗೆ ಯಾವ ಪರಿಮಳ, ಯಾವ ಊಟ ಎಂದು ಬರೆದಿತ್ತು. ಬಿಳಿಗೆ ಕ್ವಿನ್ಸ್ ಹಣ್ಣು, ಜೇನು, ನೆನೆದ ಉಣ್ಣೆ. ಕ್ವಿನ್ಸ್ ಎಂಬ ಹಣ್ಣನ್ನು ನಾನಾಗಲಿ ಮಿಸ್ಟರ್ ಟಾನ್ ಆಗಲಿ ಕಂಡವರಲ್ಲ. ಊಟದ ಪಟ್ಟಿಯಲ್ಲಿ ಆಡಿನ ಹಾಲಿನ ಚೀಸು, ಬೆಣ್ಣೆಯಲ್ಲಿ ಬೇಯಿಸಿದ ಹೊಳೆ ಮೀನು, ಹಂದಿ, ಬಾತುಕೋಳಿ. ನಾನು ಮೊಟ್ಟೆಯನ್ನೂ ಮುಟ್ಟದವನು. ಎಂಆರ್‌ಟಿ ರೈಲಿನಲ್ಲಿ ನಿಂತುಕೊಂಡು ಮಗ್ಗಿ ಕಲಿಯುವಂತೆ ಅದನ್ನು ಬಾಯಿಪಾಠ ಮಾಡಿದೆ. ರುಚಿ ನೋಡುವುದು ಕೆಲಸದ ಭಾಗವಾದ್ದರಿಂದ ವೈನನ್ನು ಬಾಯಿಗೆ ಹಾಕಿ ಉಗುಳುವುದನ್ನೂ ಕಲಿತೆ. ಮೂಗಿನ ವಿಷಯ ಬಂದಾಗ ಲೋಟದೊಳಗೆ ಮೂಗಿಟ್ಟು, ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಐದು ಎಣಿಸುತ್ತಿದ್ದೆ. ಆಮೇಲೆ ತಲೆಯಾಡಿಸಿ "ಜೇನು" ಅನ್ನುತ್ತಿದ್ದೆ. ಯಾರಿಗೂ ಅನುಮಾನ ಬರಲಿಲ್ಲ. ಆಗ ಸಿಂಗಪುರದಲ್ಲಿ ಕೆಂಪು ವೈನಿಗೆ ಐಸ್ ಹಾಕಿ, ಸಾಲದ್ದಕ್ಕೆ ಸ್ಪ್ರೈಟ್ ಬೆರೆಸಿ ಕುಡಿಯುವವರೂ ಇದ್ದರು. ಅಂಥ ಊರಿನಲ್ಲಿ ನಾನೇ ಪಂಡಿತ.

ಪಾಂಡಿತ್ಯ ಬಯಲಾದದ್ದು ಒಂದು ದೊಡ್ಡ ಹೋಟೆಲಿನಲ್ಲಿ. ಅಲ್ಲಿನ ಪಾನೀಯ ವಿಭಾಗದ ಮ್ಯಾನೇಜರಿಗೆ ನಾನೇ ಬಾಟಲಿ ಬಿಚ್ಚಿ ಸುರಿದೆ, ಮೂಸಿದೆ, "ಜೇನು, ಕ್ವಿನ್ಸ್" ಅಂದೆ. ಆತ ಒಂದೇ ಸಲ ಮೂಸಿ ಲೋಟ ಕೆಳಗಿಟ್ಟ. "ಮತ್ತೆ ಯಾವಾಗಲಾದರೂ ನೋಡೋಣ" ಅಂದು ಎದ್ದು ಹೋದ. ಏನಾಯಿತೆಂದೇ ನನಗೆ ತಿಳಿಯಲಿಲ್ಲ. ಮಿಸ್ಟರ್ ಟಾನ್ ಕೂಗಾಡಿದರು. ಉಳಿದ ಮುಕ್ಕಾಲು ಬಾಟಲಿಯನ್ನು ಚೀಲದಲ್ಲಿಟ್ಟುಕೊಂಡು ಬುಕಿತ್ ಬಾಟೋಕಿನ ನಮ್ಮ ಫ್ಲಾಟಿಗೆ ಬಂದೆ.

ಇನ್ನು ನನ್ನ ಹೆಂಡತಿಯ ವಿಷಯ. ವನಜಾ ನಂಜನಗೂಡಿನವಳು. ಅವಳ ತಂದೆ ಮದುವೆ ಮುಂಜಿಗಳ ಅಡಿಗೆ ಭಟ್ಟರು. ಅವರ ಮನೆಯಲ್ಲಿ ಮಡಿ ಜಾಸ್ತಿ. ನೈವೇದ್ಯ ಆಗುವ ತನಕ ಅಡಿಗೆ ಮಾಡಿದವರು ಒಂದು ಹನಿ ಸಾರನ್ನೂ ನಾಲಿಗೆಗೆ ಹಚ್ಚಿ ನೋಡುವಂತಿಲ್ಲ. ಉಪ್ಪು, ಹುಳಿ, ಖಾರ ಎಲ್ಲವನ್ನೂ ಮೂಗಿನಲ್ಲೇ ಅಳೆಯಬೇಕು. ಐನೂರು ಜನರ ಹುಳಿಗೆ ಉಪ್ಪು ಸಾಲದು ಅಂತ ಆವಿಯಲ್ಲೇ ಹೇಳುತ್ತಿದ್ದರಂತೆ ನಮ್ಮ ಮಾವ. ಅದೇ ಮೂಗು ಮಗಳಿಗೂ ಬಂದಿತ್ತು. ನಮ್ಮ ಫ್ಲಾಟಿನ ಅಡಿಗೆಮನೆಯಲ್ಲೇ ದೇವರ ಗೂಡು ಇದ್ದದ್ದರಿಂದ ನನ್ನ ಸ್ಯಾಂಪಲ್ ಬಾಟಲಿಗಳು ಆ ಹೊಸ್ತಿಲು ದಾಟುವಂತಿರಲಿಲ್ಲ. ಹಿಂದಿನ ಬಟ್ಟೆ ಒಗೆಯುವ ಜಾಗದಲ್ಲಿ, ವಾಷಿಂಗ್ ಮೆಷಿನ್ ಪಕ್ಕ, ಅವುಗಳ ವಾಸ.

ಆ ಸಂಜೆ ಅಲ್ಲಿ ಬಾಟಲಿ ಬಿಚ್ಚಿಟ್ಟುಕೊಂಡು ಪೆಚ್ಚಾಗಿ ಕುಳಿತಿದ್ದೆ. ವನಜಾ ಬಿದಿರು ಕೋಲಿನಿಂದ ಒಣಗಿದ ಬಟ್ಟೆ ತೆಗೆಯಲು ಬಂದಳು.

"ಏನ್ರೀ ಇದು? ನೆಂದು ಮುಗ್ಗಿದ ರಟ್ಟಿನ ಡಬ್ಬ ವಾಸನೆ!"

"ಎಲ್ಲಿ?"

"ಎಲ್ಲಿ ಏನು, ಆ ಬಾಟ್ಲಲ್ಲಿ. ಇದನ್ನ ಜನ ದುಡ್ಡು ಕೊಟ್ಟು ಕುಡೀತಾರಾ?"

ಗೋಡೌನಿನಿಂದ ತಂದಿಟ್ಟಿದ್ದ ವೈನಿನ ಹಳೆಯ ಪುಸ್ತಕ ತೆಗೆದು ನೋಡಿದೆ. ಕಾರ್ಕ್ ಕೆಟ್ಟರೆ ವೈನಿಗೆ ಒದ್ದೆ ರಟ್ಟಿನ ವಾಸನೆ ಬರುತ್ತದೆ ಅಂತ ಸ್ಪಷ್ಟವಾಗಿ ಬರೆದಿತ್ತು. ಅದೇ ವೈನಿನ ಇನ್ನೊಂದು ಬಾಟಲಿ ಬಿಚ್ಚಿ ಅವಳ ಮುಂದೆ ಹಿಡಿದೆ. ಅವಳು ಬಟ್ಟೆ ಮಡಿಸುತ್ತಲೇ ಬಗ್ಗಿ ಮೂಸಿದಳು. ಮಡಿಸುತ್ತಿದ್ದ ಬಟ್ಟೆ ಕೆಳಗಿಟ್ಟು ಇನ್ನೊಮ್ಮೆ ಮೂಸಿದಳು.

"ಇದು ಚೆನ್ನಾಗಿದೆ. ಬೇಲದ ಹಣ್ಣಿನ ಪಾನಕ ಇದ್ದ ಹಾಗಿದೆ ರೀ. ರಾಮನವಮಿಗೆ ನಮ್ಮಪ್ಪ ಮಾಡ್ತಿದ್ರಲ್ಲ, ಬೆಲ್ಲ ಹಾಕಿ, ಚೂರು ಶುಂಠಿ ಹಾಕಿ."

ವನಜಾ ಜೀವಮಾನದಲ್ಲಿ ಒಂದು ತೊಟ್ಟು ವೈನ್ ಕುಡಿದವಳಲ್ಲ. "ಮೂಸೋದ್ರಲ್ಲಿ ಏನ್ ಮೈಲಿಗೆ?" ಅನ್ನುತ್ತಿದ್ದಳು. ಅಂದಿನಿಂದ ಪ್ರತಿ ಶನಿವಾರ ಬಟ್ಟೆ ಒಗೆಯುವ ಜಾಗದಲ್ಲಿ ನಮ್ಮ ಕಚೇರಿ. ನಾನು ಸುರಿಯುವುದು, ಅವಳು ಮೂಸಿ ಹೇಳುವುದು, ನಾನು ಬರೆದುಕೊಳ್ಳುವುದು. ಕೆಂಪಿಗೆ "ದಪ್ಪ ಮೆಣಸಿನಕಾಯಿ ಹೆಚ್ಚಿದ ವಾಸನೆ" ಅಂದಳು. ಕ್ಯಾಬರ್ನೆ ಫ್ರಾಂ ಬಗ್ಗೆ ಬಲ್ಲವರೆಲ್ಲ ಹೇಳುವುದೂ ಅದನ್ನೇ ಎಂದು ನನಗೆ ಗೊತ್ತಾದದ್ದು ಎಷ್ಟೋ ಕಾಲದ ಮೇಲೆ. ಒಂದು ಸಲ ಚೀನೀ ಹೊಸ ವರ್ಷದ ರಜೆಯಲ್ಲಿ ನಮ್ಮ ಕಂಟೇನರು ಬಿಸಿಲಲ್ಲಿ ನಿಂತುಬಿಟ್ಟಿತ್ತು. ಅದರ ಬಾಟಲಿ ಮೂಸಿ, "ಇದನ್ನ ಯಾರೋ ಒಲೆ ಮೇಲಿಟ್ಟು ಮರೆತಿದಾರೆ" ಅಂದಳು. ಇಡೀ ಲಾಟನ್ನು ನಾವು ಮಾರದೆ ತಡೆಹಿಡಿದೆವು. ಮಾರುಕಟ್ಟೆಯಲ್ಲಿ ಕಂಪನಿಯ ಮಾನ ಉಳಿಯಿತು, ಮಿಸ್ಟರ್ ಟಾನ್ ನನ್ನ ಬೆನ್ನು ತಟ್ಟಿದರು. ನಾನು ತಟ್ಟಿಸಿಕೊಂಡೆ.

ಆಗಲೇ ಹೇಳಬಹುದಿತ್ತಲ್ಲ, ಇದು ನನ್ನ ಹೆಂಡತಿಯ ಮೂಗು ಅಂತ? ಹೇಳಲಿಲ್ಲ. ಮೊದಲು ನಾಚಿಕೆ, ಆಮೇಲೆ ಅಭ್ಯಾಸ. ಅವಳ ಮಾತುಗಳನ್ನು ಇಂಗ್ಲಿಷಿಗೆ ತಿರುಗಿಸಿ, ಕೆಳಗೆ ನನ್ನ ಹೆಸರು ಹಾಕಿ ಹೋಟೆಲುಗಳಿಗೆ ಕಳಿಸಿದೆ, ಫ್ರಾನ್ಸಿಗೂ ಫ್ಯಾಕ್ಸ್ ಮಾಡಿದೆ. ಹದಿನೈದು ದಿನದಲ್ಲಿ ಮದಾಮ್ ಒಡೀಲ್ ಅವರಿಂದ ಉತ್ತರ ಬಂತು. ತಮ್ಮ ಬಿಳಿ ವೈನಿನ ಬಗ್ಗೆ ಯಾರೂ ಹೀಗೆ ಬರೆದಿರಲಿಲ್ಲ, ಹಬ್ಬದ ದಿನದ ಈ ಬೇಲದ ಹಣ್ಣಿನ ಪಾನಕ ಎಂದರೇನು, ತಿಳಿಸಿ ಎಂದು ಕೇಳಿದ್ದರು. ಮಿಸ್ಟರ್ ಟಾನ್ ಫ್ಯಾಕ್ಸನ್ನು ಓದಿ, "ಅದೇನೋ ನಂಗೂ ಗೊತ್ತಿಲ್ಲ, ಆದ್ರೆ ಬಿಡಬೇಡ ಲಾ, ಹೀಗೇ ಬರೀತಿರು" ಅಂದರು.

ಅವಳ ಮಾತು ಮೀರಿದ್ದು ಒಂದೇ ಸಲ. ಅದನ್ನೂ ಹೇಳಬೇಕು. ಕೆಂಪು ವೈನ್ ಹೃದಯಕ್ಕೆ ಒಳ್ಳೆಯದು ಅಂತ ಆಗ ಎಲ್ಲ ಕಡೆ ಸುದ್ದಿ. ಊರಿಗೆ ಊರೇ ಕೆಂಪಿನ ಹಿಂದೆ ಬಿದ್ದಿತ್ತು. ಈಸ್ಟ್ ಕೋಸ್ಟಿನ ಒಂದು ಸೀಫುಡ್ ರೆಸ್ಟೋರೆಂಟಿನಲ್ಲಿ ಚಿಲ್ಲಿ ಕ್ರ್ಯಾಬ್ ಜೊತೆ ನಮ್ಮ ಕ್ಯಾಬರ್ನೆ ಫ್ರಾಂ ಕೊಟ್ಟು ದೊಡ್ಡ ಔತಣ ಮಾಡೋಣ ಎಂದು ನಾನೇ ಯೋಜನೆ ಹಾಕಿದೆ. ವನಜಾಗೆ ಹೇಳಿದಾಗ ಅವಳು ಈರುಳ್ಳಿ ಹೆಚ್ಚುತ್ತಿದ್ದಳು.

"ಆ ಕೆಂಪು ಚೊಗರು ಅಂತ ನೀವೇ ಹೇಳಿದ್ರಿ. ಚೊಗರಿನ ಮೇಲೆ ಖಾರ ಬಿದ್ರೆ ಉರಿ ಎರಡರಷ್ಟು. ನೆಲ್ಲಿಕಾಯಿ ತಿಂದು ಮೆಣಸಿನಕಾಯಿ ಬಜ್ಜಿ ತಿಂದು ನೋಡಿ, ಗೊತ್ತಾಗತ್ತೆ. ಖಾರಕ್ಕೆ ಸಿಹಿ ಬೇಕು, ಹುಳಿ ಬೇಕು. ಬಿಳೀದು ಕೊಡಿ."

"ಬಿಳೀದು ಯಾರೂ ಕೇಳ್ತಿಲ್ಲ ಮಾರಾಯ್ತಿ. ಎಲ್ಲರಿಗೂ ರೆಡ್ ಬೇಕು."

"ಕೇಳಲ್ಲ ಅಂತ ಊಟಕ್ಕೆ ಬೇಕಾದ್ದನ್ನ ಬಿಡಕ್ಕಾಗತ್ತಾ?"

ಔತಣದ ದಿನ ಬಂದವರೆಲ್ಲ ಏಡಿ ತಿಂದು, ಕೆಂಪು ಕುಡಿದು, ಬಾಯಿ ತೆರೆದುಕೊಂಡು ನೀರು ನೀರು ಅಂದರು. ಅವತ್ತು ಭರ್ಜರಿಯಾಗಿ ಖರ್ಚಾದದ್ದು ಬಿಯರು. ಮನೆಗೆ ಬಂದಾಗ ವನಜಾ ನನ್ನ ಮುಖ ನೋಡಿ ಮಜ್ಜಿಗೆ ತಂದುಕೊಟ್ಟಳು.

ನನ್ನ ನಾಚಿಕೆ ಎಂಥದ್ದೆಂದು ತಿಳಿಯಬೇಕಾದರೆ ನಮ್ಮ ಕನ್ನಡದವರ ಬಗ್ಗೆ ಎರಡು ಮಾತು ಹೇಳಬೇಕು. ಆಗ ಇಲ್ಲಿದ್ದ ನಮ್ಮವರು ಹೆಚ್ಚಾಗಿ ಬ್ಯಾಂಕಿನವರು, ಎಂಜಿನಿಯರುಗಳು, ಪ್ರೊಫೆಸರುಗಳು. ಯುಗಾದಿಗೆ ಯಾರದ್ದಾದರೂ ಬ್ಲಾಕಿನ ವಾಯ್ಡ್ ಡೆಕ್ಕಿನಲ್ಲಿ, ಅಂದರೆ ಕಟ್ಟಡದ ಅಡಿಯ ಖಾಲಿ ಜಾಗದಲ್ಲಿ, ಚಾಪೆ ಹಾಸಿ ಊಟ. ನನ್ನದೇನು ಕೆಲಸ ಎಂದು ಯಾರಾದರೂ ಕೇಳಿದರೆ "ಫುಡ್ ಇಂಪೋರ್ಟ್" ಅನ್ನುತ್ತಿದ್ದೆ. ಒಂದು ಯುಗಾದಿಯಲ್ಲಿ ಬ್ಯಾಂಕಿನ ಒಬ್ಬರು ಎಲ್ಲರೆದುರು, "ನಾಗರಾಜ್ ಬಿಸ್ಕತ್ತು ಬಿಸಿನೆಸ್ಸು, ನಮಗೆ ಒಂದ್ ಪ್ಯಾಕೆಟ್ಟೂ ತಂದಿಲ್ಲ" ಎಂದು ನಗಿಸಿದರು. ಊಟವಾದ ಮೇಲೆ ಲಿಫ್ಟಿನ ಹತ್ತಿರ ನನ್ನ ತೋಳು ಹಿಡಿದು ಮೆಲ್ಲಗೆ, "ಅಲ್ಲಾ, ಡಾಕ್ಟ್ರು ರೆಡ್ ಒಳ್ಳೇದು ಅಂದಿದಾರೆ. ಎರಡು ಬಾಟ್ಲು ಅರೇಂಜ್ ಮಾಡ್ರೀ. ನಿಮ್ಮ ಮಿಸೆಸ್‌ಗೆ ಗೊತ್ತಾಗೋದು ಬೇಡ, ನಮ್ಮೋಳಿಗೆ ಹೇಳ್ಬಿಡ್ತಾರೆ" ಅಂದರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವ ಈ ಆಟದಲ್ಲಿ ನಾವೆಲ್ಲ ಪಾಲುದಾರರೇ. ಆದರೂ ಅಡಿಗೆ ಭಟ್ಟರ ಮಗಳು ವೈನ್ ಮೂಸುತ್ತಾಳೆ ಅಂತ ನಾಲ್ಕು ಜನಕ್ಕೆ ಗೊತ್ತಾದರೆ ಏನು ಗತಿ ಅಂತ ನಾನು ಹೆದರಿದೆ. ಅವಳಿಗೆ ಆ ಹೆದರಿಕೆ ಇತ್ತೇ ಎಂದು ಕೇಳಲೇ ಇಲ್ಲ.

ತೊಂಬತ್ತೇಳರಲ್ಲಿ ಮದಾಮ್ ಒಡೀಲ್ ಬಂದರು. ಅದು ಹೊಗೆಯ ವರ್ಷ. ಸುಮಾತ್ರದ ಕಾಡು ಸುಟ್ಟ ಹೊಗೆ ಸಿಂಗಪುರದ ಮೇಲೆ ಕವಿದು, ನಮ್ಮ ಕಿಟಕಿಯಿಂದ ಎದುರು ಬ್ಲಾಕೇ ಕಾಣುತ್ತಿರಲಿಲ್ಲ. ಆಕೆ ಎತ್ತರದ ಹೆಂಗಸು, ಒರಟು ಕೈ, ಉಗುರಿನ ಸಂದಿಯಲ್ಲಿ ಮಣ್ಣಿನ ಕಲೆ. ಆಫೀಸಿನಲ್ಲಿ ಕುಳಿತು, ಮಿಸ್ಟರ್ ಟಾನ್ ಎದುರಿಗೇ ಬಂದ ವಿಷಯ ನೇರವಾಗಿ ಹೇಳಿದರು. ಏಷ್ಯಾದವರೆಲ್ಲ ಕೆಂಪು ಕೇಳುತ್ತಾರೆ. ಅವರ ತಮ್ಮ, ಇಳಿಜಾರಿನ ಹಳೆಯ ಶೆನಿನ್ ಕಿತ್ತು ಕ್ಯಾಬರ್ನೆ ಫ್ರಾಂ ನೆಡೋಣ ಅನ್ನುತ್ತಿದ್ದಾನೆ. ಅವರಿಗೆ ಮನಸ್ಸಿಲ್ಲ. ಅಪ್ಪನ ಕೈಯ ಬಳ್ಳಿ. ಆದರೆ ಬರೀ ಮಮತೆಗೆ ತೋಟ ಉಳಿಸಿಕೊಳ್ಳಲಾಗದು.

"ಈ ವೈನ್ ಇಲ್ಲದಿದ್ದರೆ ರುಚಿ ಕಟ್ಟುವುದೇ ಇಲ್ಲ ಅನ್ನುವಂಥ ಒಂದು ಊಟ ನನಗೆ ತೋರಿಸಿ," ಅಂದರು ನನ್ನತ್ತ ತಿರುಗಿ. "ಒಂದು ಸಾಕು. ತಮ್ಮನ ಬಾಯಿ ಮುಚ್ಚಿಸುತ್ತೇನೆ. ನೀವು ಬರೆದದ್ದನ್ನೆಲ್ಲ ಇಟ್ಟುಕೊಂಡಿದ್ದೇನೆ. ನಿಮ್ಮ ಮನೆಯಲ್ಲಿ ನನಗೆ ಊಟ ಹಾಕುತ್ತೀರಾ?"

ಮಿಸ್ಟರ್ ಟಾನ್ ನನಗಿಂತ ಮುಂಚೆ "ಓಕೆ, ಓಕೆ, ಸಂಡೇ!" ಅಂದುಬಿಟ್ಟರು.

ಅಳುಕುತ್ತಲೇ ವನಜಾಗೆ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳ ಮುಖ ಅರಳಿತು.

"ಬರ್ಲಿ. ಊಟಕ್ಕೆ ಬರ್ತೀನಿ ಅಂದೋರಿಗೆ ಬೇಡ ಅನ್ನಕ್ಕಾಗತ್ತಾ? ಆ ಬಿಳೀದಕ್ಕೆ ಏನ್ ಸರಿಹೋಗತ್ತೆ ಅಂತ ನಂಗ್ ಗೊತ್ತು. ಅನಾನಸ್ ಗೊಜ್ಜು. ಎಳ್ಳು, ಕೊಬ್ಬರಿ, ಬ್ಯಾಡಗಿ ಮೆಣಸಿನಕಾಯಿ ಹುರಿದು ಹಾಕಿ. ಸಿಹಿಗೆ ಸಿಹಿ, ಹುಳಿಗೆ ಹುಳಿ, ಖಾರನ ಅದು ತಡೆಯತ್ತೆ. ಹಾಲ್‌ನಲ್ಲಿ ಟೇಬಲ್ ಮೇಲೆ ಬಾಟ್ಲು ಇಟ್ಕೊಳ್ಳಿ. ದೇವರ ಗೂಡಿಗೆ ಪರದೆ ಹಾಕ್ತೀನಿ. ಒಂದಿನಕ್ಕೆ ದೇವ್ರೇನೂ ಬೇಜಾರ್ ಮಾಡ್ಕೊಳಲ್ಲ."

ಶನಿವಾರ ಅವಳೇ ಲಿಟಲ್ ಇಂಡಿಯಾಕ್ಕೆ ಹೋಗಿ ಸಾಮಾನು ತಂದಳು. ಭಾನುವಾರ ಬೆಳಿಗ್ಗೆ ಐದಕ್ಕೆ ಎದ್ದು ಎಳ್ಳು ಹುರಿಯತೊಡಗಿದಳು. ಹಸಿರು ಅಂಚಿನ ಮೈಸೂರು ಸಿಲ್ಕ್ ಇಸ್ತ್ರಿ ಮಾಡಿ ಕುರ್ಚಿಯ ಮೇಲೆ ಇಟ್ಟಿದ್ದಳು. ಇಂಗ್ಲಿಷಿನಲ್ಲಿ ಹೇಳಬೇಕಾದ ಮೂರು ನಾಲ್ಕು ವಾಕ್ಯಗಳನ್ನು ನನ್ನ ಹತ್ತಿರ ತಿದ್ದಿಸಿಕೊಂಡಳು. "ವೆನ್ ಐ ಸ್ಮೆಲ್ ದಿಸ್ ವೈನ್, ಐ ರಿಮೆಂಬರ್ ಮೈ ಫಾದರ್." ಆ ವಾಕ್ಯ ಕೇಳುತ್ತಿದ್ದಂತೆ ನನಗೆ ಹೊಳೆಯಿತು, ಇವಳು ಎಲ್ಲವನ್ನೂ ಹೇಳಿಬಿಡುತ್ತಾಳೆ. ಪಾಪ, ಹೇಳಬಾರದು ಅಂತ ನಾನು ಅವಳಿಗೆ ಯಾವತ್ತೂ ಹೇಳಿರಲಿಲ್ಲ. ತನ್ನ ಮಾತುಗಳ ಕೆಳಗೆ ನನ್ನ ಹೆಸರಿರುವುದು ಅವಳಿಗೆ ಗೊತ್ತಿತ್ತೋ ಇಲ್ಲವೋ, ಅದೂ ನನಗೆ ಗೊತ್ತಿರಲಿಲ್ಲ. ಮದಾಮ್ ಸೋಮವಾರ ಅದನ್ನು ಮಿಸ್ಟರ್ ಟಾನ್‌ಗೆ ಹೇಳುತ್ತಾರೆ. ಐದು ವರ್ಷ ಕಟ್ಟಿದ ಹೆಸರು ಒಂದೂಟದಲ್ಲಿ ಮುಗಿಯುತ್ತದೆ.

ಮೊಸರು ತರುತ್ತೇನೆಂದು ಕೆಳಗಿಳಿದು, ವಾಯ್ಡ್ ಡೆಕ್ಕಿನ ಫೋನಿನಿಂದ ಮದಾಮ್ ತಂಗಿದ್ದ ಹೋಟೆಲಿಗೆ ಫೋನ್ ಮಾಡಿದೆ. ನನ್ನ ಹೆಂಡತಿಗೆ ಜ್ವರ, ಕ್ಷಮಿಸಿ, ಹೊರಗೆ ಊಟ ಮಾಡೋಣ ಅಂದೆ. ಮೇಲೆ ಬಂದು ವನಜಾಗೆ, ಮದಾಮ್‌ಗೆ ಅರ್ಜೆಂಟ್ ಮೀಟಿಂಗ್ ಬಂದಿದೆ, ಬರುವುದಿಲ್ಲ, ನಾನೂ ಹೋಗಬೇಕು ಅಂದೆ. ಅವಳು ಒಲೆಯ ಮುಂದೆ ನಿಂತಿದ್ದಳು. "ಹೌದಾ?" ಅಂದಳು, ಅಷ್ಟೇ. ಗೊಜ್ಜಿನ ಪಾತ್ರೆಗೆ ತಟ್ಟೆ ಮುಚ್ಚಿ ಉರಿ ಆರಿಸಿದಳು.

ಮದಾಮ್ ಅವರನ್ನು ಒಂದು ಚೀನೀ ರೆಸ್ಟೋರೆಂಟಿಗೆ ಕರೆದೊಯ್ದೆ. ಅವರಿಗೆ ಶುಂಠಿ ಹಾಕಿದ ಹಬೆ ಮೀನು, ಹಾಳೆಯಲ್ಲಿ ಬರೆದಿದ್ದಂತೆ. ನನಗೆ ಸೊಪ್ಪು ಮತ್ತು ತೋಫು. ಅವರದೇ ಬಿಳಿ ವೈನನ್ನು ಬಿಚ್ಚಿಸಿದೆ. ಆಕೆ ಮೂಸಿದರು, ಲೋಟ ಕೆಳಗಿಟ್ಟು ನನ್ನನ್ನು ನೋಡಿದರು. ನಾನು ಲೋಟದಲ್ಲಿ ಮೂಗಿಟ್ಟೆ, ಕಣ್ಣು ಮುಚ್ಚಿದೆ, ಐದು ಎಣಿಸಿದೆ.

"ಬೇಲದ ಹಣ್ಣು. ಬೆಲ್ಲ. ಚೂರು ಶುಂಠಿ," ಅಂದೆ.

"ಖಂಡಿತವಾಗಿಯೂ?"

"ಖಂಡಿತ."

ಅವರು ವೇಟರನ್ನು ಕರೆದು ಮೆಲ್ಲಗೆ, "ಈ ಬಾಟಲಿಯ ಕಾರ್ಕ್ ಕೆಟ್ಟಿದೆ. ಬೇರೆ ತನ್ನಿ" ಅಂದರು. ನನ್ನ ಕೈಯಲ್ಲಿದ್ದದ್ದು ಒದ್ದೆ ರಟ್ಟು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬೇರೆ ಬಾಟಲಿ ಬಂತು. ಮೀನಿನ ಜೊತೆ ಕುಡಿದು, "ಚೆನ್ನಾಗಿದೆ. ಆದರೆ ಈ ಮೀನಿಗೆ ಇದೇ ಬೇಕು ಅಂತೇನಿಲ್ಲ" ಅಂದರು. ಆಮೇಲೆ ಕೇಳಿದರು:

"ನಿಮ್ಮ ಮನೆಯಲ್ಲಿ ಇದನ್ನು ಯಾವುದರ ಜೊತೆ ಕುಡಿಯುತ್ತೀರಿ?"

ಇನ್ನೂ ಕಾಲ ಮಿಂಚಿರಲಿಲ್ಲ. ಅನಾನಸ್ ಗೊಜ್ಜು ಎಂದು ಹೇಳಿ, ಟ್ಯಾಕ್ಸಿ ಹತ್ತಿಸಿದ್ದರೆ ಅರ್ಧ ಗಂಟೆಯಲ್ಲಿ ನಮ್ಮ ಮನೆ. ಗೊಜ್ಜು ಒಲೆಯ ಮೇಲೆ ಇನ್ನೂ ಬಿಸಿಯಾಗಿತ್ತು.

"ಮೀನಿನ ಜೊತೆ," ಅಂದೆ.

ಅವರು ನನ್ನ ತಟ್ಟೆಯ ಸೊಪ್ಪನ್ನು ನೋಡಿದರು.

ಆ ಗೊಜ್ಜನ್ನು ನಾವಿಬ್ಬರೂ ಎರಡು ದಿನ ತಿಂದೆವು. ಮಂಗಳವಾರ ಮದಾಮ್ ಊರಿಗೆ ಹೊರಟುಹೋದರು. ಆ ಶನಿವಾರ ನಾನು ಎಂದಿನಂತೆ ಲೋಟ ಹಿಡಿದು ಕರೆದರೆ ವನಜಾ ಬಂದು ಬಗ್ಗಿ, "ಏನೂ ಗೊತ್ತಾಗ್ತಿಲ್ಲ ರೀ. ಮೂಗು ಕಟ್ಟಿದೆ. ಈ ಹೊಗೆಗೆ ಏನೋ ಆಗಿದೆ" ಅಂದಳು. ಹೊಗೆಗೆ ಅರ್ಧ ಊರೇ ಕೆಮ್ಮುತ್ತಿತ್ತು. ನಂಬಿದೆ. ಹೊಗೆ ಹೋಯಿತು, ಮೂಗು ಬಿಡಲಿಲ್ಲ. ಡಾಕ್ಟರಿಗೆ ತೋರಿಸಿದೆ. ದೀಪ ಬಿಟ್ಟು ನೋಡಿ, ಎಲ್ಲ ಸರಿಯಾಗಿಯೇ ಇದೆಯಲ್ಲ ಅಂದರು. "ನಂಗೇನೂ ಬರ್ತಿಲ್ಲ ಡಾಕ್ಟ್ರೇ" ಅಂದಳು ಅವಳು. ನಮ್ಮ ಶನಿವಾರದ ಕಚೇರಿ ಅಲ್ಲಿಗೆ ಮುಚ್ಚಿತು.

ಮಾರನೇ ವರ್ಷ ಫ್ರಾನ್ಸಿನಿಂದ ಒಂದು ಪತ್ರ, ಜೊತೆಗೆ ಒಂದೇ ಒಂದು ಬಾಟಲಿ ಬಂತು. ಚಳಿಗಾಲದಲ್ಲಿ ಇಳಿಜಾರಿನ ಬಳ್ಳಿಗಳನ್ನು ಕಿತ್ತೆವು, ಬೇರು ನಾವೆಣಿಸಿದ್ದಕ್ಕಿಂತ ಆಳಕ್ಕಿತ್ತು, ಮೂರು ದಿನ ಹಿಡಿಯಿತು, ಎಂದು ಬರೆದಿದ್ದರು. ಇದು ಆ ತೋಟದ ಕೊನೆಯ ವೈನ್. ಬಾಟಲಿಯ ಕುತ್ತಿಗೆಗೆ ಒಂದು ಚೀಟಿ ಕಟ್ಟಿತ್ತು. ಅದರ ಮೇಲೆ ಶಾಯಿಯಲ್ಲಿ, "ಮದಾಮ್ ವನಜಾ ಅವರಿಗೆ."

ನಾನು ಅದನ್ನು ಅವಳಿಗೆ ಕೊಡಲಿಲ್ಲ. ಕೊಟ್ಟರೆ ಯಾಕೆ, ಏನು ಅಂತ ಕೇಳುತ್ತಾಳೆ. ವಾಷಿಂಗ್ ಮೆಷಿನ್ ಹಿಂದಿನ ಕಪಾಟಿನಲ್ಲಿ, ಹಳೆಯ ಪೇಪರಿನಲ್ಲಿ ಸುತ್ತಿ ಅಡಗಿಸಿಟ್ಟೆ. ತಾನು ಕೆಟ್ಟ ಕೋತಿ ವನವನ್ನೆಲ್ಲ ಕೆಡಿಸಿತು ಎಂಬ ಮಾತು ನನ್ನ ಮಟ್ಟಿಗೆ ಬರೀ ಗಾದೆಯಲ್ಲ.

ಆಮೇಲಿನ ವರ್ಷಗಳ ಬಗ್ಗೆ ಹೇಳುವುದು ಕಡಿಮೆ. ಫ್ಯಾಕ್ಸ್ ಹೋಗಿ ಇಮೇಲ್ ಬಂತು. ಕಾರ್ಕ್ ಬದಲು ತಿರುಪು ಮುಚ್ಚಳ ಬಂತು. ನನ್ನಂಥವನಿಗೆ ಅದು ದೇವರು ಕೊಟ್ಟ ವರ. ವೈನಿಗೆ ಪರೀಕ್ಷೆಯ ಅಂಕಗಳಂತೆ ನೂರಕ್ಕೆ ಇಷ್ಟು ಎಂದು ಅಂಕ ಕೊಡುವ ಕಾಲ ಬಂತು. ಮೂಸುವ ಕಷ್ಟವೇ ತಪ್ಪಿತು, ಅಂಕ ಓದಿದರೆ ಸಾಕು. ಸಿಂಗಪುರದಲ್ಲೇ ಮಸಾಲೆ ಊಟಕ್ಕೆ ಅರೆಸಿಹಿ ಬಿಳಿ ವೈನ್ ಕೊಡುವುದು ಫ್ಯಾಶನ್ ಆಯಿತು. ಹೋಟೆಲುಗಳವರು ನನ್ನನ್ನೇ ಕೇಳುತ್ತಿದ್ದರು, ಹಳೆಯ ಬಳ್ಳಿಯ ಶೆನಿನ್ ಎಲ್ಲಿ ಸಿಗುತ್ತದೆ ನಾಗರಾಜ್ ಎಂದು. ಸ್ಟಾಕಿಲ್ಲ ಅನ್ನುತ್ತಿದ್ದೆ. ವನಜಾ ಹೇಳಿದ್ದು ಊರಿಗೆಲ್ಲ ಗೊತ್ತಾಗಲು ಹತ್ತು ವರ್ಷ ಹಿಡಿಯಿತು, ಅಷ್ಟು ಹೊತ್ತಿಗೆ ತೋಟ ಇರಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಈ ಲೈನಿಗೆ ಬರುವ ಮಕ್ಕಳಿಗೆ ನಾನು ಹೇಳುವುದು ಇಷ್ಟೇ: ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಿ. ಯಾರ ಮಾತೋ ಅವರ ಹೆಸರು ಹಾಕಿ.

ಇಷ್ಟು ಬರೆದಾದ ಮೇಲೆ, ಇದನ್ನು ಮೊದಲು ಕೇಳಬೇಕಾದವಳು ವನಜಾ ಅನ್ನಿಸಿತು. ಮೊನ್ನೆ ಬೆಳಿಗ್ಗೆ ಅವಳು ಊಟದ ಮೇಜಿನ ಮುಂದೆ ಹುರಳಿಕಾಯಿ ಬಿಡಿಸುತ್ತಿದ್ದಳು. ಎದುರಿಗೆ ಕುಳಿತು ಓದಿದೆ. ವಾಯ್ಡ್ ಡೆಕ್ಕಿನ ಫೋನಿನ ಭಾಗವನ್ನೂ ಹೇಗೋ ಓದಿದೆ. ಅವಳ ಕೈ ನಿಲ್ಲಲಿಲ್ಲ.

"ಗೊತ್ತು," ಅಂದಳು.

"ಏನು ಗೊತ್ತು?"

"ನಂಗೆ ಜ್ವರ ಬಂದಿದ್ದು. ಸೋಮವಾರ ನೀವು ಆಫೀಸಿಗೆ ಹೋದ್ಮೇಲೆ ಆಯಮ್ಮ ಫೋನ್ ಮಾಡಿದ್ರು. ಹೇಗಿದೆ ಈಗ ಮೈ ಅಂದ್ರು. ಮೊದಲು ಅರ್ಥ ಆಗ್ಲಿಲ್ಲ. ಆಮೇಲೆ ಆಯ್ತು. ಲಿಟಲ್ ಫೀವರ್, ನೌ ಓಕೆ ಅಂದೆ."

"ಅಷ್ಟೇನಾ?"

"ಆ ಬೇಲದ ಹಣ್ಣು, ವುಡ್ ಆಪಲ್ ಅಂತ ಬರೆದೋರು ನೀವೇ ಅಲ್ವಾ ಅಂದ್ರು."

"ನೀನೇನಂದೆ?"

"ನೋ ನೋ, ಮೈ ಹಸ್ಬೆಂಡ್ ಅಂದೆ. ಇನ್ನೇನ್ ಅನ್ಲಿ? ಅಷ್ಟು ಕಷ್ಟಪಟ್ಟು ಸುಳ್ಳು ಹೇಳಿದೀರಿ. ಆಯಮ್ಮ ನನ್ನ ಹೆಸರು ಕೇಳ್ಕೊಂಡು, ಥ್ಯಾಂಕ್ಯೂ ಅಂದು ಇಟ್ಬಿಟ್ರು. ತೋಟದ ವಿಷಯ ನೀವು ನಂಗೆ ಹೇಳೇ ಇರ್ಲಿಲ್ಲ. ಗೊತ್ತಿದ್ರೆ ಹೌದು ನಾನೇ ಅಂತಿದ್ನೇನೋ."

ಹುರಳಿಕಾಯಿಯ ನಾರನ್ನು ಒಂದು ಕಡೆ ಗುಡ್ಡೆ ಮಾಡಿದಳು.

"ಮತ್ತೆ ಮೂಗು?" ಎಂದು ಕೇಳಿದೆ.

"ಮೂಗಿಗೇನಾಗಿತ್ತು? ಡಾಕ್ಟ್ರೇ ಹೇಳಿದ್ರಲ್ಲ, ಎಲ್ಲಾ ಸರಿಯಾಗಿದೆ ಅಂತ. ನಿಮಗೋಸ್ಕರ ಮೂಸೋಕೆ ಮನಸ್ಸು ಬರ್ಲಿಲ್ಲ, ಅಷ್ಟೇ."

ಇಷ್ಟು ವರ್ಷದಲ್ಲಿ ನೈವೇದ್ಯದ ಸಾರಿಗೆ ಒಂದು ದಿನವೂ ಉಪ್ಪು ಹೆಚ್ಚುಕಡಿಮೆ ಆಗಿರಲಿಲ್ಲ. ದಿನಾ ಉಂಡಿದ್ದೆ. ಒಂದು ದಿನವಾದರೂ ಹೊಳೆಯಬೇಡವೇ? ನಾಚಿಕೆಯಿಂದ ನನಗೆ ಅಳು ಬಂತು. ಅವಳು ಸಮಾಧಾನ ಮಾಡಲಿಲ್ಲ. ಮಾಡಲಿ ಎಂದು ನಾನು ಕೇಳುವ ಹಾಗೂ ಇರಲಿಲ್ಲ.

ಎದ್ದು ಹೋಗಿ ಕಪಾಟಿನಿಂದ ಪೇಪರು ಸುತ್ತಿದ ಬಾಟಲಿ ತಂದು ಅವಳ ಮುಂದಿಟ್ಟೆ. ಅವಳು ಕನ್ನಡಕ ಹಾಕಿಕೊಂಡು ಚೀಟಿಯ ಮೇಲಿನ ತನ್ನ ಹೆಸರನ್ನು ಓದಿದಳು. ಎರಡು ಸಲ ಓದಿದಳು. ಆಮೇಲೆ, "ಬಿಚ್ಚಿ" ಅಂದಳು. ಕಾರ್ಕ್ ಪುಡಿಪುಡಿಯಾಗಿ ಬಂತು. ಒಂದು ಲೋಟಕ್ಕೆ ಬಗ್ಗಿಸಿದೆ. ಬಣ್ಣ ಕಾಫಿ ಡಿಕಾಕ್ಷನ್ ಕಡೆಗೆ ತಿರುಗಿತ್ತು. ಅವಳು ಸೆರಗಿಗೆ ಕೈ ಒರೆಸಿಕೊಂಡು, ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಮೂಸಿದಳು.

"ಇದು ಹೋಗಿದೆ ರೀ. ಸೇಬು ಹೆಚ್ಚಿಟ್ಟು ಮರೆತ್ರೆ ಬರತ್ತಲ್ಲ, ಆ ವಾಸನೆ. ಯಾವಾಗ್ಲೋ ಹೋಗಿದೆ."

ಲೋಟವನ್ನು ನನ್ನ ಕಡೆ ಸರಿಸಿ ಹುರಳಿಕಾಯಿಯ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ನಾನು ಲೋಟದಲ್ಲಿ ಮೂಗಿಟ್ಟು, ಕಣ್ಣು ಮುಚ್ಚಿ, ಐದು ಎಣಿಸಿದೆ. ನನಗೆ ಅದು ಚೆನ್ನಾಗಿಯೇ ಇದೆ ಅನ್ನಿಸಿತು.